ಒಂದೇ ತೋಳಿನ ಸ್ವೆಟರ್

ಮೊದಲೇ ಹೇಳಿಬಿಡುತ್ತೇನೆ, ಸ್ವೆಟರ್ ಹೆಣೆಯುವುದನ್ನು ನನಗೆ ಯಾರೂ ಕಲಿಸಿಲ್ಲ. ವರ್ಷದ ಬಹುಪಾಲು ಫ್ಯಾನಿನ ಕೆಳಗೇ ಬದುಕುವ ಚಳ್ಳಕೆರೆಯಲ್ಲಿ ಅದನ್ನು ಕಲಿಸುವ ಹುಚ್ಚು ಯಾರಿಗಿರುತ್ತದೆ ಹೇಳಿ. ಮುಚ್ಚಿಹೋದ ಒಂದು ಹೊಲಿಗೆ ತರಬೇತಿ ಕೇಂದ್ರದ ಸಾಮಾನು ಹರಾಜಿಗೆ ಬಂದಿತ್ತು. ಹೊಲಿಗೆ ಯಂತ್ರಗಳನ್ನೆಲ್ಲ ಜನ ಎತ್ತಿಕೊಂಡು ಹೋದರು. ಮೂಲೆಯಲ್ಲಿ ಗೋಣಿಚೀಲ ಹೊದ್ದು ಬಿದ್ದಿದ್ದ ಉದ್ದನೆಯ ಒಂದು ಯಂತ್ರವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಏನೆಂದು ಹರಾಜು ಕೂಗುವವನಿಗೂ ಗೊತ್ತಿರಲಿಲ್ಲ. ಹಾರ್ಮೋನಿಯಂ ಥರದ್ದು ಅಂತ ಕೂಗಿದ. ನಾನು ಅದನ್ನು ಆಟೋದಲ್ಲಿ ಅಡ್ಡಡ್ಡ ಇಟ್ಟುಕೊಂಡು ಮನೆಗೆ ತಂದುಬಿಟ್ಟೆ. ಅವ್ವ ಬಾಗಿಲಲ್ಲೇ ನಿಂತು, ಇದನ್ನು ಊದಬೇಕಾ ಬಾರಿಸಬೇಕಾ ಅಂತ ಕೇಳಿದಳು.

ಅದು ನಿಟ್ಟಿಂಗ್ ಮೆಷಿನ್. ಸಾಲಾಗಿ ಕೂತ ಕೊಕ್ಕೆ ಸೂಜಿಗಳು, ಅವುಗಳ ಮೇಲೆ ಈ ತುದಿಯಿಂದ ಆ ತುದಿಗೆ ತಳ್ಳುವ ಒಂದು ಹಿಡಿಕೆ. ಒಂದು ಸಲ ತಳ್ಳಿದರೆ ಒಂದು ಸಾಲು ಕುಣಿಕೆಗಳು ಬೀಳುತ್ತವೆ, ವಾಪಸು ಎಳೆದರೆ ಇನ್ನೊಂದು ಸಾಲು. ಜೊತೆಗೆ ಬಂದ ಪುಸ್ತಕ ಯಾವ ದೇಶದ ಭಾಷೆಯದೋ, ಇವತ್ತಿಗೂ ಗೊತ್ತಿಲ್ಲ. ಚಿತ್ರ ನೋಡಿ ನೋಡಿ ಕಲಿತೆ. ನಾನು ಹೆಣೆದ ಮೊದಲ ತುಂಡನ್ನು ಅವ್ವ ಒಲೆಯಿಂದ ಪಾತ್ರೆ ಇಳಿಸಲು ಇಟ್ಟುಕೊಂಡಳು. ಎರಡನೆಯದನ್ನು ಮಿಕ್ಸಿಗೆ ಹೊದಿಸಿದಳು. ಮೂರನೆಯದನ್ನು ನನ್ನ ತಮ್ಮ ಹಾಕಿಕೊಂಡು ಸ್ಕೂಲಿಗೆ ಹೋದ, ಮೇಷ್ಟ್ರು ಎಲ್ಲಿ ತಗೊಂಡೆ ಅಂತ ಕೇಳಿದರು. ಅಲ್ಲಿಂದ ಶುರುವಾಯಿತು ನೋಡಿ.

ಎರಡು ವರ್ಷದೊಳಗೆ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ, ಹಿಂದೆ ಶೇಂಗಾ ಮೂಟೆ ಇಡುತ್ತಿದ್ದ ಒಂದು ಉದ್ದನೆಯ ಕೋಣೆ ನನ್ನ ವರ್ಕ್‌ಶಾಪ್ ಆಯಿತು. ನಾನು, ಪಕ್ಕದ ಬೀದಿಯ ಇಬ್ಬರು ಹುಡುಗಿಯರು, ಆ ಮೆಷಿನ್ನು, ಒಂದು ಓವರ್‌ಲಾಕ್ ಮೆಷಿನ್ನು. ಬೋರ್ಡ್ ಬರೆದ ಪೇಂಟರ್ ನನ್ನನ್ನು ಕೇಳದೆ ಕೆಳಗೆ "ಡಿಸೈನರ್" ಅಂತ ಸೇರಿಸಿದ್ದ, ಅಳಿಸು ಅನ್ನಲು ನನಗೆ ಮನಸ್ಸಾಗಲಿಲ್ಲ. ಮಾಡುತ್ತಿದ್ದುದು ಮಾತ್ರ ಶಾಲೆಯ ಸ್ವೆಟರುಗಳು, ನೀಲಿ ಮತ್ತು ಮರೂನು. ಲೂಧಿಯಾನದಿಂದ ಲಾರಿ ಪಾರ್ಸೆಲ್ಲಿನಲ್ಲಿ ಬರುವ ಅಕ್ರಿಲಿಕ್ ನೂಲು. ಹಾಸಿಗೆ ಬಟ್ಟೆಯ ಹಾಗೆ ಉದ್ದಕ್ಕೆ ಹೆಣೆದುಕೊಂಡು ಹೋಗುವುದು, ಆಮೇಲೆ ಕತ್ತರಿಯಲ್ಲಿ ಕುತ್ತಿಗೆ, ಕಂಕುಳು ಕತ್ತರಿಸುವುದು, ಅಂಚು ಬಿಚ್ಚದ ಹಾಗೆ ಓವರ್‌ಲಾಕ್ ಹೊಡೆಯುವುದು. ನನ್ನ ಡಿಸೈನು ಎಲ್ಲಾ ಕತ್ತರಿಯಲ್ಲೇ ಇತ್ತು. ಅದನ್ನು ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಿದ್ದೆ.

ಅಂಥ ಒಂದು ದಿನ ಪರಶುರಾಂಪುರದ ಕಡೆಯ ಒಂದು ಹಟ್ಟಿಯಿಂದ ಒಬ್ಬ ಹೆಂಗಸು ಬಂದಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕ ಅಂದೆ. ಅವಳ ಮಗಳ ಮೈಮೇಲಿನ ನೀಲಿ ಸ್ವೆಟರ್ ನನ್ನ ಕೈಯದಂತೆ, ಅದನ್ನು ವಿಚಾರಿಸಿಕೊಂಡು ಹುಡುಕಿ ಬಂದಿದ್ದಳು. ಕೂತು ನೀರು ಕುಡಿದು, ನೇರವಾಗಿ ಕೇಳಿದಳು.

"ನಂಗೊಂದು ತೋಳಿರೋ ಕಂಬಳಿ ಬೇಕು ತಂಗಿ. ಮಾಡ್ಕೊಡ್ತೀಯಾ?"

ಅವಳ ಗಂಡ ಕುರಿಗಾರ. ಹೊಲದಿಂದ ಶೇಂಗಾ ಎಲ್ಲಾ ಮನೆ ಸೇರಿದ ಮೇಲೆ ಪ್ರತಿ ವರ್ಷ ಅವನೂ ಅವನ ತಮ್ಮನೂ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಭತ್ತದ ಗದ್ದೆ ಬಯಲಿಗೆ ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಬರುತ್ತಾರೆ. ಅಲ್ಲಿಯವರೆಗೆ ಇಬ್ಬನಿ, ಗಾಳಿ, ಬಯಲಲ್ಲೇ ವಾಸ. ಈ ಸಲ ಹೊಲದ ಬದುವಿನ ಮೇಲಿಂದ ಬಿದ್ದು ಅವನ ಎಡಗೈ ಕೆಲಸಕ್ಕೆ ಬಾರದ ಹಾಗಾಗಿತ್ತು. ಕೈಗೂ ಕಂಬಳಿಗೂ ಏನು ಸಂಬಂಧ ಅಂತ ನಾನು ಕೇಳಿದೆ. ಅವಳು ಎದ್ದು ನಿಂತು ಸೆರಗನ್ನೇ ಕಂಬಳಿ ಮಾಡಿಕೊಂಡು ತೋರಿಸಿದಳು. ತಲೆಯ ಮೇಲಿಂದ ಇಳಿಬಿಟ್ಟ ಕಂಬಳಿಯನ್ನು ಎದೆಯ ಹತ್ತಿರ ಒಂದು ಕೈ ಹಿಡಿದುಕೊಂಡೇ ಇರಬೇಕು, ಇನ್ನೊಂದು ಕೈಗೆ ಕೋಲು. ಇರುವುದು ಒಂದೇ ಕೈ ಅಂದರೆ ಒಂದೋ ಕಂಬಳಿ, ಇಲ್ಲಾ ಕೋಲು. ಪಿನ್ನು ಹಾಕಿದರೆ ಆಗದಾ ಅಂದೆ. ಕಂಬಳಿಯ ಭಾರ ನೀನು ಹೊತ್ತಿಲ್ಲ ಅಂತ ನಕ್ಕಳು. ಹಿಂದೊಂದು ವರ್ಷ ಅವನು ಅಂಗಡಿ ಸ್ವೆಟರ್ ಒಂದನ್ನು ಹಾಕಿಕೊಂಡು ಹೋಗಿದ್ದನಂತೆ. ಅದು ಇಬ್ಬನಿ ಕುಡಿದು ತೊಪ್ಪೆಯಾಯಿತು, ಬೆಂಕಿಯ ಕಿಡಿ ಸಿಡಿದಲ್ಲೆಲ್ಲ ಕರಗಿ ತೂತು ಬಿತ್ತು.

ಗಂಡನ ತಮ್ಮ ಹೇಳಿಬಿಟ್ಟಿದ್ದ, ಅಣ್ಣ ಈ ವರ್ಷ ಮನೆಯಲ್ಲೇ ಇರಲಿ, ಎಲ್ಲಾ ಕುರಿ ನಾನೇ ಹೊಡ್ಕೊಂಡು ಹೋಗ್ತೀನಿ ಅಂತ. ಅವನ ಮಾತಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಳಿಯಲ್ಲಿ ನಡುಗುವ ಅಣ್ಣನನ್ನು ನೋಡಿಕೊಳ್ಳುವುದೋ, ಕುರಿ ನೋಡಿಕೊಳ್ಳುವುದೋ ಅನ್ನುವ ಚಿಂತೆ ಅವನದು. ಆದರೆ ಒಂದು ವರ್ಷ ಬೇರೆಯವರ ಕೂಗಿಗೆ ಹೊಂದಿಕೊಂಡ ಕುರಿ ಮತ್ತೆ ಹಳೆಯ ಕೂಗಿಗೆ ಬರುವುದು ಕಷ್ಟವಂತೆ. ಮನೆಯಲ್ಲಿ ಉಳಿದರೆ ಅವನಿಗೆ ಇರುವುದು ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸ, ಆ ಕೈಯಲ್ಲಿ ಅದೂ ಆಗದು.

"ಕುರಿ ಹಿಂದೆ ಹೋಗಾದು ಬಿಟ್ರೆ ನಮ್ಮೋರಿಗೆ ಇನ್ನೇನೂ ಬರಲ್ಲ. ಮನ್ಯಾಗೆ ಕುಂತ್ರೆ ಆ ಮನುಷ್ಯ ಮನುಷ್ಯ ಆಗಿರಲ್ಲ ತಂಗಿ," ಅಂದಳು.

ಅವಳು ಮಾತು ಮುಗಿಸುವ ಮೊದಲೇ ನಾನು ಹೂಂ ಅಂದಾಗಿತ್ತು. ನನ್ನ ಜಾಯಮಾನವೇ ಹಾಗೆ. ಕಂಬಳಿಯ ಉಣ್ಣೆಯನ್ನು ಅಲ್ಲಿಯವರೆಗೆ ನಾನು ಮುಟ್ಟಿರಲೂ ಇಲ್ಲ. ಅಳತೆಗೆ ಅವನದೊಂದು ಹಳೆಯ ಅಂಗಿ ಕೊಟ್ಟಳು. ನೂಲನ್ನು ಅವಳ ಅತ್ತೆ ತಮ್ಮದೇ ಕುರಿಯ ಉಣ್ಣೆಯಿಂದ ತೆಳ್ಳಗೆ ನೂತು ಕೊಡುತ್ತಾಳೆ ಅಂದಳು. ಬಾಗಿಲ ತನಕ ಹೋದವಳು ನನ್ನ ಕುತ್ತಿಗೆಯ ಕತ್ತರಿ ನೋಡಿ ತಿರುಗಿ ಬಂದಳು.

"ನಮ್ಮತ್ತೆ ಒಂದು ಮಾತು ಹೇಳವ್ರೆ. ಇದಕ್ಕೆ ಕತ್ತರಿ ಹಾಕಂಗಿಲ್ಲ. ಕುರಿ ಮೈಮ್ಯಾಲೆ ಒಂದ್ಸಲ ಕತ್ತರಿ ಆಡೈತೆ, ಅಷ್ಟೇ. ಇನ್ನೊಂದ್ಸಲ ಆಡಬಾರದು."

ಅವರ ಮನೆಯಲ್ಲಿ ಹಾಗಂತೆ. ನೂಲು ಹರಿಯಬೇಕಾದರೆ ಕೈಯಲ್ಲಿ ಹರಿಯುತ್ತಾರೆ, ಬರದಿದ್ದರೆ ಹಲ್ಲಲ್ಲಿ. ಕಂಬಳಿಗೆ ಕತ್ತರಿ ತೋರಿಸುವುದಿಲ್ಲ. ನಾನು ಅದಕ್ಕೂ ಆಯ್ತು ಅಂದೆ. ಅವಳು ಹೋದ ಮೇಲೆ ಹುಡುಗಿಯರಿಬ್ಬರೂ ಮುಖ ಮುಖ ನೋಡಿಕೊಂಡು ನಗಲು ಶುರು ಮಾಡಿದರು. ಕತ್ತರಿ ಇಲ್ಲದೆ ನಮ್ಮ ಡಿಸೈನರ್ ಏನು ಮಾಡುತ್ತಾಳೆ, ನೋಡೇಬಿಡೋಣ ಅಂತ.

ದಾರಿ ಆ ಭಾಷೆ ಗೊತ್ತಿಲ್ಲದ ಪುಸ್ತಕದ ಕೊನೆಯ ಪುಟಗಳಲ್ಲಿತ್ತು. ಅಂಚಿನ ಸೂಜಿಯ ಕುಣಿಕೆಯನ್ನು ಎತ್ತಿ ಪಕ್ಕದ ಸೂಜಿಗೆ ಏರಿಸಿದರೆ ಬಟ್ಟೆ ಆ ಸಾಲಿನಲ್ಲಿ ಒಂದು ಕುಣಿಕೆಯಷ್ಟು ಸಣ್ಣದಾಗುತ್ತದೆ. ಖಾಲಿ ಸೂಜಿಗೆ ಹೊಸ ಕುಣಿಕೆ ಕೊಟ್ಟರೆ ಅಗಲವಾಗುತ್ತದೆ. ಹೀಗೆ ಸಾಲು ಸಾಲಿಗೆ ಕೂಡಿ ಕಳೆದರೆ ತೋಳು ತೋಳಿನ ಆಕಾರದಲ್ಲೇ ಮೆಷಿನ್ನಿನಿಂದ ಇಳಿಯುತ್ತದೆ, ಕತ್ತರಿಸುವುದು ಏನೂ ಉಳಿಯುವುದಿಲ್ಲ. ನಿಧಾನದ ಕೆಲಸ, ಅದಕ್ಕೇ ನಾನು ಅಷ್ಟು ದಿನ ಆ ಪುಟಗಳನ್ನು ಹಾರಿಸಿದ್ದು. ಅಕ್ರಿಲಿಕ್‌ನಲ್ಲಿ ಅಭ್ಯಾಸ ಮಾಡಿದೆ. ಮೊದಲನೆಯ ತೋಳು ಹಾಗಲಕಾಯಿಯ ಹಾಗೆ ಬಂತು. ಎರಡನೆಯದು ಓಲಗದವರು ಊದಬಹುದಾದ ಹಾಗಿತ್ತು. ಆಮೇಲೆ ಕೈ ಕೂತಿತು. ನಿಜ ಹೇಳಬೇಕೆಂದರೆ ಆ ವಾರ ನಾನು ಊಟ ಮಾಡುವಾಗಲೂ ಅನ್ನದಲ್ಲಿ ಕುಣಿಕೆ ಕಳೆಯುತ್ತಿದ್ದೆ.

ನೂಲು ಬಸ್ಸಿನಲ್ಲಿ ಬಂತು. ಕಂಡಕ್ಟರ್ ಚೀಲ ಇಳಿಸಿ, ಏನಮ್ಮಾ ತಂತಿ ಬೇಲಿ ಹಾಕಿಸ್ತೀಯಾ ಅಂತ ಕೇಳಿದ. ನನಗೆ ಅವನ ಮಾತು ಅರ್ಥವಾದದ್ದು ಸುತ್ತಿಟ್ಟ ನೂಲಿನ ಲಡಿಗಳನ್ನು ಮುಟ್ಟಿದಾಗ. ಕಪ್ಪಗೆ, ಸಣ್ಣಗೆ, ಅಚ್ಚುಕಟ್ಟಾಗಿ ನೂತಿದ್ದರು, ಆದರೆ ಲಡಿಯನ್ನು ನಿಲ್ಲಿಸಿದರೆ ನಿಲ್ಲುತ್ತಿತ್ತು. ನಾಟಿ ಕುರಿಯ ಉಣ್ಣೆ ಅಂದರೆ ಹೀಗೇ ಇರಬೇಕು ಅಂದುಕೊಂಡು ಮೆಷಿನ್ನಿಗೆ ಏರಿಸಿದೆ. ಎರಡನೆಯ ಸಾಲಿಗೇ ಕರಕರ ಅಂತ ಸದ್ದು. ಹಿಡಿಕೆ ನಡುವೆ ಸಿಕ್ಕಿಕೊಂಡಿತು. ನಾನು ಹುಮ್ಮಸ್ಸಿನಲ್ಲಿ ಇನ್ನೂ ಜೋರಾಗಿ ತಳ್ಳಿದೆ. ಒಂದಷ್ಟು ಸೂಜಿಗಳ ಕೊಕ್ಕೆ ಬಾಗಿಹೋಯಿತು.

ನಮ್ಮ ಬೀದಿಯ ತುದಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಚಾಚಾ ಇದ್ದರು. ನನ್ನ ಮೆಷಿನ್ನಿಗೂ ಅವರೇ ವೈದ್ಯರು. ಬಂದು, ಬಾಗಿದ ಸೂಜಿಗಳನ್ನು ಒಂದೊಂದೇ ತೆಗೆದು ಇಕ್ಕಳದಲ್ಲಿ ನೆಟ್ಟಗೆ ಮಾಡುತ್ತಾ ಕೂತರು. ಕೊನೆಗೆ ನೂಲನ್ನು ಬೆರಳಿಗೆ ಸುತ್ತಿ ನೋಡಿ ಕೇಳಿದರು.

"ಬೇಟಿ, ಇದು ಉಣ್ಣೆಯಾ, ಕ್ಲಚ್ ವೈರಾ?"

ಉತ್ತರ ಮರುದಿನ ಸಿಕ್ಕಿತು. ಅಕ್ಕ ನೂಲು ಹೇಗಿದೆ ಅಂತ ವಿಚಾರಿಸಲು ಬಂದವಳು, ಲಡಿಯನ್ನು ಹೆಮ್ಮೆಯಿಂದ ಸವರಿದಳು. ಅತ್ತೆ ಹುಣಸೆಬೀಜ ಹುರಿದು, ಕುಟ್ಟಿ, ಗಂಜಿ ಕಾಯಿಸಿ, ನೂಲಿಗೆ ಒಂದು ಸಲ ಅಲ್ಲ ಎರಡು ಸಲ ಹಚ್ಚಿ ಒಣಗಿಸಿದ್ದಳಂತೆ. ಕಂಬಳಿ ನೇಯುವವರು ಗಂಜಿ ಹಾಕದ ನೂಲನ್ನು ಮಗ್ಗಕ್ಕೆ ಏರಿಸುವುದಿಲ್ಲ, ಹಾಕದಿದ್ದರೆ ಎಳೆ ಎಳೆಯಾಗಿ ಹರಿದುಹೋಗುತ್ತದೆ. ಮೆಷಿನ್ ಅಂದರೆ ಮಗ್ಗಕ್ಕಿಂತ ಜೋರಾಗಿ ಎಳೆಯುತ್ತದೆ ಅಂತ ಆ ಮುದುಕಿ ಲೆಕ್ಕ ಹಾಕಿ ಗಂಜಿಯನ್ನು ದುಪ್ಪಟ್ಟು ಮಾಡಿದ್ದಳು. ನನಗಾಗಿ, ಪ್ರೀತಿಯಿಂದ. ಹೆಣಿಗೆಗೆ ಗಂಜಿ ಬೇಡ ಅಂತ ನಾನು ಹೇಳಿರಲಿಲ್ಲ. ಯಾರಾದರೂ ಸ್ವೆಟರಿನ ನೂಲಿಗೆ ಗಂಜಿ ಹಾಕುತ್ತಾರೆ ಅನ್ನುವುದು ನನ್ನ ಕನಸಿಗೂ ಬಂದಿರಲಿಲ್ಲ.

ಕುರಿ ಹೊರಡುವುದಕ್ಕೆ ವಾರ ಉಳಿದಿತ್ತು. ಹೊಸ ನೂಲು ನೂಲಲು ಆ ಹೊತ್ತು ಸಾಲದು. ಗಂಜಿ ಬಿಡಿಸಲೇಬೇಕು. ಆಗ ನೆನಪಾದದ್ದು ಮೊಳಕಾಲ್ಮುರಿನ ನನ್ನ ಸೋದರಮಾವ. ಅವರದು ರೇಷ್ಮೆ ಸೀರೆಯ ಮಗ್ಗದ ಮನೆ, ರೇಷ್ಮೆ ನೂಲಿನ ಅಂಟನ್ನು ಕುದಿಸಿ ತೆಗೆಯುವುದು ಅವರಿಗೆ ಕಾಫಿ ಮಾಡಿದಷ್ಟು ಸಲೀಸು. ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮಾವ ಅರ್ಧ ಕನ್ನಡ ಅರ್ಧ ತೆಲುಗಿನ ಮನುಷ್ಯ. ಚೀಲ ಬಿಚ್ಚಿದ ಕೂಡಲೇ ಮೂಗು ಮುಚ್ಚಿಕೊಂಡರು.

"ಪಟ್ಟು ಪಟ್ಟೇ ಚೇತಿಕಿ ಗೊರ್ರೆ ಬೊಚ್ಚಾ?"

ರೇಷ್ಮೆ ಹಿಡಿಯುವ ಕೈಗೆ ಕುರಿ ಕೂದಲು ಕೊಡ್ತೀಯಾ ಅಂತ ಅವರು ಕೇಳಿದ್ದು. ಕೇಳುತ್ತಲೇ ಒಲೆ ಹಚ್ಚಿದರು. ಒಂದು ಸಣ್ಣ ಲಡಿಯನ್ನು ಮೊದಲು ರೇಷ್ಮೆಯ ಹಾಗೆಯೇ ಸೋಪು ನೀರಲ್ಲಿ ಕುದಿಸಿ ನೋಡಿದೆವು. ಕೋಲಿನಲ್ಲಿ ಎತ್ತಿದರೆ ಒದ್ದೆ ಬೆಕ್ಕಿನ ಮರಿಯ ಹಾಗೆ ಒಂದು ಉಂಡೆ ಬಂತು. ಎಲ್ಲಾ ಎಳೆ ಒಂದಕ್ಕೊಂದು ತಬ್ಬಿಕೊಂಡುಬಿಟ್ಟಿತ್ತು. ಆಮೇಲೆ ಒಲೆ ಆರಿಸಿ, ಉಗುರುಬೆಚ್ಚಗಿನ ನೀರಿಗೆ ಅಂಟುವಾಳದ ಕಾಯಿ ಕಿವುಚಿ, ಅದರಲ್ಲಿ ಲಡಿ ನೆನೆಹಾಕಿ, ಉಜ್ಜದೆ, ಹಿಂಡದೆ, ಬರೀ ಅದುಮಿ ಅದುಮಿ ತೆಗೆದೆವು. ನೀರು ಲೋಳೆಲೋಳೆಯಾಗಿ ಕಂದು ಬಣ್ಣಕ್ಕೆ ತಿರುಗಿತು. ಚೆಲ್ಲಿದೆವು, ಮತ್ತೆ ನೆನೆಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಕುರಿ ರೊಪ್ಪದ ವಾಸನೆ. ಮದುವೆ ಸೀರೆ ಕೊಳ್ಳಲು ಪಕ್ಕದ ಮನೆಗೆ ಬಂದವರು ಮೂಗಿಗೆ ಸೆರಗು ಹಿಡಿದು ವಾಪಸು ಹೊರಟರಂತೆ, ಆ ಮನೆಯಾಕೆ ಬಂದು ಜಗಳ ತೆಗೆದಳು. ಮಾವನ ಹೆಂಡತಿ ನನಗೆ ಹಿತ್ತಲಲ್ಲೇ ಊಟ ಹಾಕಿದಳು. ಹಿತ್ತಲ ಗಳುವಿನಲ್ಲಿ ನೇರಳೆ, ಗಿಣಿಹಸಿರು, ಅರಿಸಿನ ಬಣ್ಣದ ರೇಷ್ಮೆ ಲಡಿಗಳ ನಡುವೆ ನನ್ನ ಕಪ್ಪು ಉಣ್ಣೆ ಒಣಗುತ್ತಿತ್ತು. ನನ್ನ ಕಣ್ಣಿಗೆ ಅದೇ ಚೆಂದ ಕಂಡಿತು. ಮೆತ್ತಗಾಯಿತು ಅಂದರೆ ಸುಳ್ಳಾಗುತ್ತದೆ, ಆದರೆ ಬಾಗುತ್ತಿತ್ತು. ನನಗೆ ಬೇಕಾಗಿದ್ದೂ ಅಷ್ಟೇ.

ಚಳ್ಳಕೆರೆಗೆ ಬಂದು, ನೂಲಿಗೆ ಮೇಣದ ಬತ್ತಿ ಸವರಿಕೊಂಡು ಮೆಷಿನ್ನಿಗೆ ಏರಿಸಿದೆ. ಈ ಸಲ ಸದ್ದು ಬೇರೆ, ಸರಕ್ ಸರಕ್ ಅಂತ, ಒಣ ಹುಲ್ಲಿನ ಮೇಲೆ ನಡೆದ ಹಾಗೆ. ಕೈ ತಪ್ಪಿ ಎತ್ತಿಕೊಂಡೇನು ಅಂತ ಕತ್ತರಿಯನ್ನು ಹುಡುಗಿಯರ ಕೈಗೆ ಕೊಟ್ಟು ಬಚ್ಚಿಡಲು ಹೇಳಿದೆ. ಮುಂಭಾಗ ಇಳಿಯಿತು, ಬೆನ್ನು ಇಳಿಯಿತು, ತೋಳುಗಳು ಇಳಿದವು. ಕಪ್ಪಿನ ನಡುವೆ ಅಲ್ಲಲ್ಲಿ ಕಂದು ಛಾಯೆ, ಬಿಸಿಲಲ್ಲಿ ಕುರಿಯ ಬೆನ್ನು ಕಾಣುವ ಹಾಗೆ. ನಾಲ್ಕೂ ತುಂಡನ್ನು ಅದೇ ನೂಲಿನಿಂದ ಕೊಕ್ಕೆ ಕಡ್ಡಿಯಲ್ಲಿ ಜೋಡಿಸಿದೆ. ಕುತ್ತಿಗೆಯನ್ನು ಗಾಳಿ ನುಗ್ಗದ ಹಾಗೆ ಬಿಗಿಯಾಗಿ ಮೇಲಕ್ಕೆತ್ತಿದೆ. ಚಾಚಾ ಬಂದು ನೋಡಿ, ಇದನ್ನು ಹಾಕಿಕೊಂಡು ಹಿಮಾಲಯಕ್ಕೂ ಹೋಗಬಹುದು, ಆದರೆ ಮೈ ಕೆರೆದುಕೊಳ್ಳಲು ಒಬ್ಬ ಆಳು ಬೇಕು ಅಂದರು. ಕುರಿಗಾರರ ಮೈಗೆ ಕಂಬಳಿ ಹೊಸದಲ್ಲ, ಚಿಂತೆ ಬೇಡ ಅಂದೆ. ನಾನು ಗಾಳಿಯಲ್ಲಿ ತೇಲುತ್ತಿದ್ದೆ.

ಕುರಿ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನೇ ತೆಗೆದುಕೊಂಡು ಹೋದೆ. ಪರಶುರಾಂಪುರದವರೆಗೆ ಬಸ್ಸು, ಅಲ್ಲಿಂದ ಈರುಳ್ಳಿ ಚೀಲಗಳ ಮೇಲೆ ಕೂತು ಟ್ರ್ಯಾಕ್ಟರ್. ಅಕ್ಕನ ಅತ್ತೆ ಅಂಗಳದಲ್ಲಿ ಕೂತಿದ್ದಳು. ಸ್ವೆಟರನ್ನು ಮಡಿಲಿಗೆ ಹಾಕಿಕೊಂಡು ಕುತ್ತಿಗೆ, ಕಂಕುಳು, ಅಂಚು ಎಲ್ಲವನ್ನೂ ಹೆಬ್ಬೆರಳಿನಿಂದ ಸವರುತ್ತಾ ಹೋದಳು. ಎಲ್ಲಿಯೂ ಕತ್ತರಿಸಿದ ಎಳೆ ಸಿಗಲಿಲ್ಲ. ಒಂದು ಸಲ ತಲೆ ಆಡಿಸಿದಳು, ಅಷ್ಟೇ. ನನಗೆ ಬೇರೆ ಸರ್ಟಿಫಿಕೇಟು ಬೇಕಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಗಂಡ ರೊಪ್ಪದ ಕಡೆಯಿಂದ ಬಂದ. ಉದ್ದನೆಯ ಆಳು, ಮಾತು ಕಡಿಮೆ. ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಗೋಡೆಯ ಮೇಲೆ ಹಾಕಿದ. ನಾನು ನೋಡಿದೆ. ಅವನ ಎಡಗೈ ಮೊಣಕೈಯಲ್ಲಿ ಮಡಚಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆಪಟ್ಟಿಯಿಂದ ಎದೆಗೆ ಬಿಗಿದು ಕಟ್ಟಿತ್ತು. ಆಂಧ್ರದ ಕಡೆಯ ನಾಟಿ ವೈದ್ಯ ಹಾಕಿದ ಕಟ್ಟು. ಭುಜ ಅಲುಗಾಡಿಸಬಾರದು, ಯುಗಾದಿಯ ತನಕ ಬಿಚ್ಚಬಾರದು ಅಂತ ಹೇಳಿ ಕಳಿಸಿದ್ದನಂತೆ. ಕೈ ಕೆಲಸಕ್ಕೆ ಬರುವುದಿಲ್ಲ ಅಂತ ಅಕ್ಕ ಹೇಳಿದ್ದನ್ನು ನಾನು ಕೈ ನೋವು, ಹಿಡಿತ ಇಲ್ಲ ಅಂತ ತಿಳಿದಿದ್ದೆ. ಅಳತೆ ತೆಗೆದದ್ದು ಎರಡೂ ಕೈ ಚೆನ್ನಾಗಿದ್ದಾಗಿನ ಅಂಗಿಯಿಂದ. ಅಕ್ಕ ಸ್ವೆಟರ್ ಅನ್ನುವುದನ್ನು ತನ್ನ ಕೈಯಾರೆ ತೊಡಿಸಿದ್ದು ಮಗಳಿಗೆ ಮಾತ್ರ, ಆ ಹುಡುಗಿ ಎರಡೂ ಕೈ ಮೇಲೆತ್ತಿ ಮೀನಿನ ಹಾಗೆ ಒಳಗೆ ನುಗ್ಗುತ್ತಿದ್ದಳು.

ಆದರೂ ಪ್ರಯತ್ನ ಮಾಡಿದೆವು. ಬಲಗೈ ಹೋಯಿತು. ತಲೆ ನನ್ನ ಬಿಗಿಯಾದ ಕುತ್ತಿಗೆಯೊಳಗೆ ಅರ್ಧ ಹೋಗಿ ನಿಂತಿತು. ಎಳೆದರೆ ಎಡ ಭುಜ ನೋಯುತ್ತದೆ, ಎಳೆಯದಿದ್ದರೆ ಇಳಿಯುವುದಿಲ್ಲ. ಒಳಗಿನಿಂದ ಅವನ ಧ್ವನಿ ಬಂತು.

"ಲೇ, ದಾರಿ ಎತ್ಲಾಗೈತೋ ಹೇಳ್ರೋ."

ಅವನ ತಮ್ಮ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. "ಅಣ್ಣಾ, ಅಲ್ಲೇ ಇರು, ಹಂಗೇ ಚೀಲದಾಗೆ ಕತ್ತೆ ಮ್ಯಾಲೆ ಏರಿಸ್ಕೊಂಡು ಹೋಗ್ತೀನಿ."

ಮಕ್ಕಳು ನಕ್ಕರು, ನಾನೂ ನಕ್ಕೆ. ಅವನನ್ನು ಹೊರಗೆ ಎಳೆದ ಮೇಲೆ ಯಾರೂ ನಗಲಿಲ್ಲ. ಅವನು ಸ್ವೆಟರನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟು ಗೋಡೆಯ ಮೇಲಿನ ಕಂಬಳಿಯತ್ತ ನೋಡಿದ. ತಮ್ಮ ಎದ್ದು ಬಂದು ಪಕ್ಕದಲ್ಲಿ ನಿಂತ. ಈಗ ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

"ಬಿಡಣ್ಣ. ಈ ವರ್ಷ ನಾನೇ ನೋಡ್ಕೊಂತೀನಿ. ನಿನ್ ಕುರಿ ಎಲ್ಲಿಗೋಗ್ತಾವೆ."

ಅಕ್ಕ ನನ್ನ ಮುಖ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ. ಮುಂಭಾಗವನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ ಕೋಟಿನ ಹಾಗೆ ತೊಡಿಸಬಹುದು ಅನ್ನುವುದು ಎಲ್ಲರಿಗೂ ಹೊಳೆದಿತ್ತು. ಬಾಯಿ ಬಿಟ್ಟು ಹೇಳಿದ್ದು ಅತ್ತೆ.

"ಕತ್ತರಿ ತಂದೀಯೇನವ್ವ? ಹಾಕು. ನಾನು ಹೇಳಿದ್ದು ಖರೆ. ಆದ್ರೆ ನನ್ ಮಗ ಹೋಗ್ಬೇಕು."

ಹೇಳಿ, ಆಕೆ ಮುಖವನ್ನು ಆ ಕಡೆ ತಿರುಗಿಸಿ ಕೂತಳು. ಆ ತಿರುಗಿದ ಬೆನ್ನು ನೋಡಿದಾಗ ನನ್ನ ತಲೆ ಓಡಲು ಶುರುವಾಯಿತು ಅಂತ ಕಾಣುತ್ತದೆ. ಸ್ವೆಟರನ್ನು ಕೈಗೆತ್ತಿಕೊಂಡೆ. ಇದು ಒಂದೇ ಬಟ್ಟೆಯಲ್ಲ, ನಾಲ್ಕು ತುಂಡು. ತುಂಡುಗಳನ್ನು ಜೋಡಿಸಿದ್ದು ಕುಣಿಕೆಯೊಳಗೆ ಕುಣಿಕೆ ತೂರಿಸಿದ ಸರಪಳಿ ಹೊಲಿಗೆಯಿಂದ. ಶೇಂಗಾ ಮೂಟೆಯ ಬಾಯಿಗೆ ಹಾಕುತ್ತಾರಲ್ಲ, ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಸರ್ರಂತ ಬಿಚ್ಚಿಕೊಳ್ಳುವ ಹೊಲಿಗೆ, ಅದೇ.

"ಕತ್ತರಿ ಬ್ಯಾಡ ದೊಡ್ಡವ್ವ," ಅಂದೆ.

ಎಡಗಡೆಯ ತುದಿ ಹುಡುಕಿ ಎಳೆದೆ. ಪಕ್ಕೆಯ ಹೊಲಿಗೆ ಬಿಚ್ಚಿತು. ಭುಜದ್ದು ಬಿಚ್ಚಿತು, ಕುತ್ತಿಗೆಯೂ ಅಲ್ಲೇ ಬಾಯಿ ತೆರೆಯಿತು. ಎಡದ ತೋಳು ಇಡಿಯಾಗಿ ಕೈಗೆ ಬಂತು. ಕಟ್ಟಿದ ಕೈಗೆ ತೋಳು ಯಾತಕ್ಕೆ. ಈಗ ಬಲಗೈಯನ್ನು ಅದರ ತೋಳಿಗೆ ಹಾಕಿ, ಬೆನ್ನನ್ನು ಹಿಂದಿನಿಂದ ಸುತ್ತಿ, ಮುಂಭಾಗವನ್ನು ಕಟ್ಟಿದ ಕೈಯ ಮೇಲಿಂದ ಹೊದಿಸಿದರೆ ಆಯಿತು. ತಲೆಯನ್ನು ಯಾವುದರೊಳಗೂ ತೂರಿಸಬೇಕಾಗಿಲ್ಲ. ಎಡ ಭುಜದ ಮೇಲೆ ಮತ್ತು ಎಡ ಪಕ್ಕೆಯಲ್ಲಿ ಕೂಡಿಸಿ ನಿಲ್ಲಿಸಬೇಕು, ಅಷ್ಟೇ. ಗುಂಡಿ ಇಲ್ಲ. ಅತ್ತೆ ಆ ಹೊತ್ತಿಗೆ ತಿರುಗಿ ಕೂತಿದ್ದಳು. ಕಳಚಿದ ತೋಳನ್ನು ಕೇಳಿ ಇಸಿದುಕೊಂಡು, ಅದರ ತುದಿ ಎಳೆದು ನೂಲು ಬಿಚ್ಚುತ್ತಾ, ಬೆರಳಿನಲ್ಲೇ ಹುರಿ ಹೆಣೆದು ಉಂಗುರದಂಥ ಕುಣಿಕೆಗಳನ್ನು ಮಾಡತೊಡಗಿದಳು. ನಾನು ಅವನ್ನು ಭುಜಕ್ಕೂ ಪಕ್ಕೆಗೂ ಸೇರಿಸುತ್ತಾ ಹೋದೆ. ತಮ್ಮ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಹೋಗಿ ಜಾಲಿಯ ಕಡ್ಡಿ ಮುರಿದು ತಂದು, ಕಟ್ಟೆಯ ಮೇಲೆ ಕೂತು ಚಾಕುವಿನಿಂದ ಬೆರಳುದ್ದದ ಗೂಟಗಳನ್ನು ಕೆತ್ತಿ ನಯ ಮಾಡಿ ಕೊಟ್ಟ. ಎದುರುಬದುರಿನ ಎರಡು ಕುಣಿಕೆಗಳೊಳಗೆ ಗೂಟ ತೂರಿಸಿ ಅಡ್ಡ ತಿರುಗಿಸಿದರೆ ಬಿಗಿಯುತ್ತದೆ. ಒಂದೇ ಕೈ ಸಾಕು.

ಅಕ್ಕ ತೊಡಿಸಲು ಎದ್ದಳು. ಅವನು ಬೇಡ ಅಂದ. ತಾನೇ ತೊಟ್ಟ. ಮೊದಲ ಸಲ ಗೂಟ ಜಾರಿತು, ಎರಡನೆಯ ಸಲ ಕೂತಿತು. ಎಲ್ಲಾ ಗೂಟ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ. ಕೋಲು ಹಿಡಿದು ರೊಪ್ಪದ ಕಡೆಗೆ ಹೋಗಿ ಬೇಲಿಯ ಮುಳ್ಳು ಸರಿಸಿ ಒಮ್ಮೆ ಕೂಗಿದ. ಕುರಿಗಳೆಲ್ಲ ತಲೆ ಎತ್ತಿದವು. ತಮ್ಮ ನನ್ನ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದ.

"ಬೆಳಿಗ್ಗೆ ಬ್ಯಾಗ ಏಳಣ್ಣ," ಅಂತ ಕೂಗಿ ಹೇಳಿದ. "ನಾನೇನು ಕಾಯ್ಕಂಡು ಕುಂದ್ರಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ರೊಟ್ಟಿ ಸುಡಲು ಒಳಗೆ ಹೋದಳು.

ಯುಗಾದಿ ಮುಗಿದ ಮೇಲೆ ಒಂದು ದಿನ ಅಣ್ಣ ತಮ್ಮ ಇಬ್ಬರೂ ನನ್ನ ವರ್ಕ್‌ಶಾಪಿಗೆ ಬಂದರು. ಸುಡು ಬಿಸಿಲು. ಅಣ್ಣನ ಕಟ್ಟು ಬಿಚ್ಚಿತ್ತು, ಕೈ ಸ್ವಲ್ಪ ಸಣ್ಣಗಾಗಿದ್ದರೂ ಚೆನ್ನಾಗಿ ಆಡುತ್ತಿತ್ತು. ಹೋದ ಕುರಿಗಳು ಅವನ ಕೂಗಿಗೇ ವಾಪಸು ಬಂದಿದ್ದವು, ಜೊತೆಗೆ ದಾರಿಯಲ್ಲಿ ಹುಟ್ಟಿದ ಮರಿಗಳು. ಸ್ವೆಟರನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ನಾನು ಇದಕ್ಕೇ ಕಾಯುತ್ತಿದ್ದೆ. ಅಕ್ಕನಿಂದ ನೂಲು ತರಿಸಿ, ಗಂಜಿ ಹಾಕದ ನೂಲು, ಎಡದ ತೋಳನ್ನು ಹೆಣೆದು ಕಪಾಟಿನಲ್ಲಿ ಇಟ್ಟಿದ್ದೆ. ತೆಗೆದು ಮುಂದೆ ಹಿಡಿದೆ. ಕೂತುಕೊಳ್ಳಿ, ಟೀ ಕುಡಿಯುವುದರೊಳಗೆ ಜೋಡಿಸಿಕೊಡುತ್ತೇನೆ ಅಂದೆ.

ಅವನು ತೋಳನ್ನು ತಿರುಗಿಸಿ ಮುರುಗಿಸಿ ನೋಡಿ, ಚೆನ್ನಾಗೈತೆ ಅಂದ. ಆಮೇಲೆ ಮೇಜಿನ ಮೇಲೆ ಇಟ್ಟು ನನ್ನ ಕಡೆಗೇ ಸರಿಸಿದ.

"ಬ್ಯಾಡವ್ವ. ತೋಳು ಹಚ್ಚಿದ್ರೆ ಮರಿ ಎಲ್ಲಿ ಇಕ್ಕಲಿ?"

ದಾರಿಯಲ್ಲಿ ಕುರಿ ಮರಿ ಹಾಕಿದರೆ ಆ ಹಸಿ ಮರಿಯನ್ನು ಎತ್ತಿಕೊಂಡೇ ನಡೆಯಬೇಕು. ಮೊದಲು ಕಂಬಳಿ ಜಾರುತ್ತಿತ್ತು, ಮರಿಯೂ ಜಾರುತ್ತಿತ್ತು. ಈಗ ಎಡ ಪಕ್ಕೆಯ ಒಂದು ಗೂಟ ತೆಗೆದು ಮರಿಯನ್ನು ಒಳಗೆ ತೂರಿಸಿ ಮತ್ತೆ ಗೂಟ ಹಾಕಿದರೆ, ಅದು ಹೊಟ್ಟೆಗೆ ಅಂಟಿಕೊಂಡು ಬೆಚ್ಚಗೆ ಮಲಗಿಬಿಡುತ್ತದಂತೆ. ಕಟ್ಟಿದ ಕೈ ಒಳಗಿದ್ದಾಗ ಅದೇ ಕೈಯ ಮೇಲೆ ಮಲಗುತ್ತಿತ್ತಂತೆ. ಆ ಚಳಿಯಲ್ಲಿ ಒಂದು ಮರಿಯೂ ಸಾಯಲಿಲ್ಲ ಅಂತ ಅವನು ಹೇಳುವಾಗ, ಮಾತು ಕಡಿಮೆಯ ಆ ಮನುಷ್ಯ ಕೈ ಆಡಿಸಿ ಆಡಿಸಿ ಹೇಳುತ್ತಿದ್ದ, ಎರಡೂ ಕೈ.

ನಾನು ಪೆನ್ಸಿಲ್ ತೆಗೆದುಕೊಂಡು ಆ ಪಕ್ಕೆಯನ್ನು ಇನ್ನೂ ಸ್ವಲ್ಪ ಅಗಲ ಮಾಡಿದರೆ ಹೇಗೆ, ದೊಡ್ಡ ಮರಿಯೂ ಹಿಡಿಯುವ ಹಾಗೆ, ಅಂತ ಆಗಲೇ ಗೀಚಲು ಶುರು ಮಾಡಿದ್ದೆ. ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತು ಮೆಷಿನ್ನನ್ನು ನೋಡುತ್ತಿದ್ದ ತಮ್ಮ ಮೆಲ್ಲಗೆ ಮುಂದೆ ಬಂದ. ಕತ್ತು ಕೆರೆದುಕೊಂಡ.

"ನಂಗೂ ಒಂದು ಬೇಕಾಗಿತ್ತು. ಆದ್ರೆ ತೋಳು ಎಡಕ್ಕೆ ಇರ್ಲಿ, ಬಲಕ್ಕೆ ಬ್ಯಾಡ," ಅಂದ. "ನಾನು ಎಡಚ."